ಗೋಡೆಯೊಳಗಿನ ವೈರು ಯಾರದು?

ಎರಡು ವರ್ಷದ ಹಿಂದೆ ಬೆಂಗಳೂರಿನ ಬಡಾವಣೆಯೊಂದರಲ್ಲಿ ನಾವು ಬಾಡಿಗೆಗಿದ್ದ ಕೆಳಮನೆಯಲ್ಲಿ ಒಂದು ಸಂಜೆ ಇಂಟರ್ನೆಟ್ ಹೋಯಿತು. ಮಗಳಿಗೆ ಮರುದಿನ ಬೆಳಿಗ್ಗೆ ಆನ್‌ಲೈನ್ ಸಂದರ್ಶನ. ಕಂಪನಿಯ ಹುಡುಗ ಬಂದು ಮಾಡೆಮ್ಮಿನ ಹಿಂದಿನ ವೈರು ಕಿತ್ತು, ಕೈಯಲ್ಲಿದ್ದ ಪುಟ್ಟ ಮೀಟರಿಗೆ ಸಿಕ್ಕಿಸಿ ನೋಡಿದ. ಆಮೇಲೆ ಹೊರಗೆ ಹೋಗಿ ಕಿಟಕಿ ಪಕ್ಕದ ಡಬ್ಬಿ ತೆರೆದು ಅಲ್ಲೂ ನೋಡಿದ. “ಸರ್, ಇಲ್ಲೀವರೆಗೂ ಲೈಟ್ ಚೆನ್ನಾಗಿ ಬರ್ತಿದೆ. ಒಳಗೆ ಪೈಪಲ್ಲೆಲ್ಲೋ ಕಟ್ ಆಗಿದೆ. ಅದು ಮನೆಯವರ ಕೆಲಸ” ಅಂದ. ಎಲೆಕ್ಟ್ರಿಷಿಯನ್ ಬಂದು “ಇದು ಗಾಜಿನ ವೈರು, ನಮಗೆ ಬರಲ್ಲ” ಅಂದ. ಮಹಡಿಯಲ್ಲಿದ್ದ ಓನರ್ ಆಂಟಿ “ನೆಟ್ ಹಾಕಿಸ್ಕೊಂಡಿದ್ದು ನೀವಲ್ವಾ? ನೀವೇ ಮಾಡಿಸ್ಕೊಳ್ಳಿ” ಅಂದರು.

ನಾವೇ ಮಾಡಿಸಿಕೊಂಡೆವು. ಹೊಸ ವೈರು ಎಳೆಯಲು, ಎರಡು ತುದಿಗೂ ಕನೆಕ್ಟರ್ ಹಾಕಲು 1,600 ರೂಪಾಯಿ ಆಯಿತು. ಹಳೆಯ ವೈರನ್ನು ಪೈಪಿನಿಂದ ಹೊರಗೆಳೆದಾಗ ವಿಷಯ ತಿಳಿಯಿತು: ಬಾತ್‌ರೂಮಿನ ಗೋಡೆಗೆ ತೇವ ಬರುತ್ತದೆಂದು ಆಂಟಿಯೇ ಪ್ಲಂಬರನ್ನು ಕರೆಸಿದ್ದರು, ಅವನ ಉಳಿಯ ಏಟಿಗೆ ಪೈಪಿನ ಜೊತೆ ವೈರೂ ತುಂಡಾಗಿತ್ತು. ತುಂಡಾದ ಜಾಗದ ಫೋಟೋ ತೋರಿಸಿದೆ. ಆಂಟಿ ಒಂದು ಮಾತೂ ಎದುರಾಡದೆ “ಮುಂದಿನ ತಿಂಗಳ ಬಾಡಿಗೇಲಿ ಮುರ್ಕೊಳ್ಳಿ” ಅಂದರು.

ಅವತ್ತಿನಿಂದ ಈ ವಿಷಯದಲ್ಲಿ ನನ್ನದು ಒಂದೇ ಹಠ. ಯಾರು ದುಡ್ಡು ಕೊಡಬೇಕು ಎಂಬ ಮಾತಿಗಿಂತ ಮೊದಲು ಎಲ್ಲಿ ಕೆಟ್ಟಿದೆ ಎಂಬುದು ಗೊತ್ತಾಗಬೇಕು. ಜಾಗ ಗೊತ್ತಾದರೆ ಮುಕ್ಕಾಲು ಪಾಲು ಜಗಳ ಅಲ್ಲೇ ಮುಗಿಯುತ್ತದೆ.

ಬೀದಿಯಿಂದ ಕೋಣೆಯವರೆಗೆ

ಹಳೆಯ ಲ್ಯಾಂಡ್‌ಲೈನಿನ ದಾರಿ ಹೀಗೆ. ಎಕ್ಸ್‌ಚೇಂಜಿನಿಂದ ದಪ್ಪ ಕೇಬಲ್ ನೆಲದಡಿಯಲ್ಲಿ ಬರುತ್ತದೆ. ರಸ್ತೆ ಬದಿಯ ಕಬ್ಬಿಣದ ಪೆಟ್ಟಿಗೆಯಲ್ಲಿ ಅದು ಕವಲೊಡೆದು, ಕಂಬದ ಮೇಲೋ ಕಟ್ಟಡದ ಗೋಡೆಯ ಮೇಲೋ ಇರುವ ಡಿಪಿ ಬಾಕ್ಸಿಗೆ ಸೇರುತ್ತದೆ. ಅಲ್ಲಿಂದ ನಿಮ್ಮ ಮನೆಗೆ ಎರಡೆಳೆಯ ತಾಮ್ರದ ಡ್ರಾಪ್ ವೈರು. ಮನೆಯ ಒಳಗೆ ಅದು ಮುಟ್ಟುವ ಮೊದಲ ಪುಟ್ಟ ಬಿಳಿ ಡಬ್ಬಿಗೆ ಲೈನ್‌ಮನ್‌ಗಳು ರೋಸೆಟ್ ಬಾಕ್ಸ್ ಅನ್ನುತ್ತಾರೆ. ಈ ಡಬ್ಬಿಯೇ ಗಡಿ. ಅಲ್ಲಿಯವರೆಗಿನದು ಫೋನ್ ಸಂಸ್ಥೆಯ ಹೊಣೆ, ಅಲ್ಲಿಂದಾಚೆಗೆ ಹಜಾರಕ್ಕೊಂದು ಕೋಣೆಗೊಂದು ಎಂದು ಎಳೆದ ಪ್ಯಾರಲಲ್ ವೈರು ಮನೆಯ ಹೊಣೆ.

ಫೈಬರಿನಲ್ಲೂ ದಾರಿ ಹೆಚ್ಚು ಕಡಿಮೆ ಅದೇ, ಆದರೆ ಗಡಿ ಸ್ವಲ್ಪ ಒಳಗೆ ಸರಿದಿದೆ. ಕಂಬದ ಮೇಲಿನ ಸ್ಪ್ಲಿಟರಿನಿಂದ ಹೊರಟ ವೈರನ್ನು ಕಂಪನಿಯವರು ನೇರವಾಗಿ ಒಳಗಿನ ಮಾಡೆಮ್‌ವರೆಗೂ ತಂದು ಸಿಕ್ಕಿಸುತ್ತಾರೆ. ಆ ಮಾಡೆಮ್ಮಿಗೆ ಅವರ ಭಾಷೆಯಲ್ಲಿ ಓಎನ್‌ಟಿ ಎಂದು ಹೆಸರು. ಅದು ಹೆಚ್ಚಾಗಿ ಕಂಪನಿಯದೇ ಆಸ್ತಿ, ನೀವು ಅದಕ್ಕೆ ಠೇವಣಿ ಕೊಟ್ಟಿರುತ್ತೀರಿ ಅಥವಾ ಪ್ಲ್ಯಾನಿನಲ್ಲೇ ಅದರ ಬಾಡಿಗೆ ಸೇರಿರುತ್ತದೆ. ಹೀಗಾಗಿ ಮಾಡೆಮ್‌ವರೆಗಿನ ವೈರು ತಾನಾಗಿ ಕೆಟ್ಟರೆ ಕಂಪನಿಯನ್ನೇ ಕೇಳಬೇಕು. ತೊಡಕು ಬರುವುದು ಆ ವೈರು ಮನೆಯ ಗೋಡೆಯೊಳಗಿನ ಪೈಪಿನಲ್ಲಿ ಹಾದು ಹೋದಾಗ. ವೈರು ಕಂಪನಿಯದು, ಪೈಪು ಓನರದು, ಬಳಸುವವರು ನೀವು.

ಗಾಜಿನ ವೈರು ಎಷ್ಟು ನಾಜೂಕು ಎಂದು ತಿಳಿದಿದ್ದರೆ ಈ ತೊಡಕು ಚೆನ್ನಾಗಿ ಅರ್ಥವಾಗುತ್ತದೆ. ಒಳಗಿನ ಗಾಜಿನ ಎಳೆಯ ದಪ್ಪ 125 ಮೈಕ್ರೋಮೀಟರ್, ಹೆಚ್ಚು ಕಡಿಮೆ ಒಂದು ಕೂದಲಿನಷ್ಟು. ಅದರಲ್ಲೂ ಬೆಳಕು ಓಡುವ ನಡುಭಾಗ ಸುಮಾರು 9 ಮೈಕ್ರೋಮೀಟರ್ ಮಾತ್ರ. ಸೋಫಾದ ಕಾಲಿಗೆ ಸಿಕ್ಕಿ ಚೂಪಾಗಿ ಮಡಚಿಕೊಂಡರೆ ವೈರು ತುಂಡಾಗಿ ಕಾಣಿಸದಿದ್ದರೂ ಆ ತಿರುವಿನಲ್ಲಿ ಬೆಳಕು ಸೋರಿ ಹೋಗುತ್ತದೆ. ಕಂಪನಿಯ ಹುಡುಗನ ಮೀಟರು ಅಳೆಯುವುದು ಇದನ್ನೇ. ಅದರಲ್ಲಿ ಅಂಕಿ ಮೈನಸ್‌ನಲ್ಲಿ ಬರುತ್ತದೆ: ಮೈನಸ್ 20 ಆಸುಪಾಸಿದ್ದರೆ ಚೆನ್ನ, ಮೈನಸ್ 27ಕ್ಕಿಂತ ಕೆಳಗಿಳಿದರೆ ಸಾಮಾನ್ಯ ಮಾಡೆಮ್ಮಿಗೆ ಆ ಬೆಳಕು ಸಾಲದು. ಅವನು ಅಳೆಯುವಾಗ ಪಕ್ಕದಲ್ಲಿ ನಿಂತು ಎರಡು ಅಂಕಿ ಬರೆದುಕೊಳ್ಳಿ, ಹೊರಗಿನ ಡಬ್ಬಿಯಲ್ಲಿ ಎಷ್ಟು, ಮಾಡೆಮ್ಮಿನ ತುದಿಯಲ್ಲಿ ಎಷ್ಟು. ಹೊರಗೆ ಮೈನಸ್ 19 ಇದ್ದು ಒಳಗೆ ಮೈನಸ್ 35 ಬಂದರೆ ತೊಂದರೆ ಮನೆಯೊಳಗಿದೆ. ಎರಡೂ ಕಡೆ ಮೈನಸ್ 35 ಇದ್ದರೆ ತೊಂದರೆ ಬೀದಿಯದು, ನೀವಾಗಲಿ ಓನರಾಗಲಿ ಒಂದು ರೂಪಾಯಿಯನ್ನೂ ಕೊಡಬೇಕಿಲ್ಲ. ವೈರಿನ ತುದಿಯನ್ನು ಮಾತ್ರ ಎಂದೂ ಕಣ್ಣಿನ ನೇರಕ್ಕೆ ಹಿಡಿದು ನೋಡಬೇಡಿ. ಅದರಲ್ಲಿ ಬರುವ ಲೇಸರ್ ಬೆಳಕು ಕಣ್ಣಿಗೆ ಕಾಣುವುದಿಲ್ಲ, ಆದರೆ ತಾಗುತ್ತದೆ.

ಯಾರನ್ನೂ ಕರೆಸುವ ಮೊದಲು

ಲ್ಯಾಂಡ್‌ಲೈನಿನಲ್ಲಿ ಕರಕರ ಸದ್ದು, ಅಥವಾ ಸದ್ದೇ ಇಲ್ಲ ಎಂದುಕೊಳ್ಳಿ. ಮನೆಯಲ್ಲಿರುವ ಎಲ್ಲ ಪ್ಯಾರಲಲ್ ಫೋನುಗಳನ್ನೂ ಕಿತ್ತಿಡಿ. ಚೆನ್ನಾಗಿರುವ ಒಂದೇ ಫೋನನ್ನು ರೋಸೆಟ್ ಬಾಕ್ಸಿಗೆ ನೇರವಾಗಿ ಸಿಕ್ಕಿಸಿ ಕಿವಿಗಿಡಿ. ಡಯಲ್ ಟೋನ್ ಶುದ್ಧವಾಗಿ ಕೇಳಿದರೆ ಹೊರಗಿನ ಲೈನು ಸರಿಯಿದೆ, ಕೆಟ್ಟಿರುವುದು ಒಳಗಿನ ವೈರು ಅಥವಾ ನಿಮ್ಮ ಇನ್ನೊಂದು ಫೋನು. ಆಗಲೂ ಕರಕರ ಅಂದರೆ ಲೈನ್‌ಮನ್ ಬರಬೇಕು. ಮಳೆ ಬಂದಾಗ ಮಾತ್ರ ಸದ್ದು ಬರುತ್ತಿದ್ದರೆ ಎಲ್ಲೋ ಒಂದು ಜಾಯಿಂಟಿಗೆ ನೀರಿಳಿಯುತ್ತಿದೆ. ಅದು ಬಹುಮಟ್ಟಿಗೆ ಹೊರಗಿನ ಡ್ರಾಪ್ ವೈರಿನಲ್ಲೋ ಡಿಪಿ ಬಾಕ್ಸಿನಲ್ಲೋ ಇರುತ್ತದೆ.

ಫೈಬರಾದರೆ ಮಾಡೆಮ್ಮಿನ ದೀಪಗಳೇ ಹೇಳುತ್ತವೆ. ಎಲ್‌ಓಎಸ್ ಎಂಬ ದೀಪ ಕೆಂಪಗೆ ಮಿನುಗುತ್ತಿದ್ದರೆ ಬೆಳಕು ಮಾಡೆಮ್ಮಿಗೆ ತಲುಪುತ್ತಿಲ್ಲ. ಹಿಂದಿನ ವೈರು ಮಡಚಿಕೊಂಡಿದೆಯೇ, ಇಲಿ ಕಚ್ಚಿದೆಯೇ ಎಂದು ಕಣ್ಣಾಡಿಸಿ ಕಂಪನಿಗೆ ದೂರು ಕೊಡಿ. ಪಿಓಎನ್ ದೀಪ ನಿಶ್ಚಲವಾಗಿ ಹಸಿರಾಗಿದ್ದೂ ಇಂಟರ್ನೆಟ್ ಇಲ್ಲದಿದ್ದರೆ ವೈರಿನ ಮಾತೇ ಇಲ್ಲ. ಬಿಲ್ ಕಟ್ಟಿದ್ದೀರಾ, ಲಾಗಿನ್ ಸರಿಯಿದೆಯೇ ನೋಡಬೇಕು.

ಇನ್ನೊಂದು ಬಗೆ ಬಹಳ ಜನರ ಕಣ್ಣು ತಪ್ಪಿಸುತ್ತದೆ. ಈಗಿನ ಹೊಸ ಮನೆಗಳಲ್ಲಿ ಹಜಾರದಿಂದ ಕೋಣೆಗಳಿಗೆ ಗೋಡೆಯೊಳಗೇ ಲ್ಯಾನ್ ಕೇಬಲ್ ಎಳೆದಿರುತ್ತಾರೆ. ಅದರೊಳಗೆ ನಾಲ್ಕು ಜೋಡಿ, ಒಟ್ಟು ಎಂಟು ಎಳೆ. ಸೆಕೆಂಡಿಗೆ 1,000 ಮೆಗಾಬಿಟ್ ವೇಗಕ್ಕೆ ನಾಲ್ಕೂ ಜೋಡಿ ಬೇಕು. 100 ಮೆಗಾಬಿಟ್ಟಿಗೆ ಎರಡೇ ಸಾಕು. ಒಂದು ಎಳೆ ತುಂಡಾದರೂ ಸಂಪರ್ಕ ಪೂರ್ತಿ ಹೋಗದೆ, 100ಕ್ಕೆ ಇಳಿದು ಕುಂಟುತ್ತಾ ನಡೆಯಬಹುದು. ನೀವು 300ರ ಪ್ಲ್ಯಾನ್ ಹಾಕಿಸಿಕೊಂಡಿದ್ದೀರಿ, ಮಾಡೆಮ್ಮಿಗೆ ಲ್ಯಾಪ್‌ಟಾಪನ್ನು ನೇರ ಸಿಕ್ಕಿಸಿದರೆ 300 ಬರುತ್ತದೆ, ಕೋಣೆಯ ಸಾಕೆಟ್ಟಿನಲ್ಲಿ ಸಿಕ್ಕಿಸಿದರೆ 90-95ರಲ್ಲೇ ನಿಲ್ಲುತ್ತದೆ. ಆಗ ಕಂಪನಿಯನ್ನು ಬೈದು ಪ್ರಯೋಜನವಿಲ್ಲ. ಗೋಡೆಯ ಕೇಬಲ್ಲೋ ಅದರ ತುದಿಯ ಸಾಕೆಟ್ಟೋ ಕೆಟ್ಟಿದೆ.

ಕಾನೂನು ಏನನ್ನುತ್ತದೆ?

ಕರ್ನಾಟಕ ಬಾಡಿಗೆ ಕಾಯ್ದೆ, 1999 ಇದೆ. ಆದರೆ ಬಾಡಿಗೆ ತಿಂಗಳಿಗೆ ಬೆಂಗಳೂರಿನಂಥ ಊರುಗಳಲ್ಲಿ 3,500 ರೂಪಾಯಿ, ಉಳಿದೆಡೆ 2,000 ರೂಪಾಯಿ ದಾಟಿದರೆ ಅದು ಅನ್ವಯಿಸುವುದಿಲ್ಲ. ಇವತ್ತು ಆ ಮೊತ್ತಕ್ಕೆ ಬೆಂಗಳೂರಿನಲ್ಲಿ ಎಷ್ಟು ಮನೆ ಸಿಗುತ್ತವೆ ಎಂಬುದು ಓದುಗರಿಗೇ ಗೊತ್ತು. ಹಾಗಾಗಿ ನಮ್ಮ ನಿಮ್ಮಂಥವರ ಬಾಡಿಗೆ ಕರಾರು ನಿಂತಿರುವುದು 1882ರ ಆಸ್ತಿ ಹಸ್ತಾಂತರ ಕಾಯ್ದೆಯ ಮೇಲೆ. ಅದರ 108ನೇ ಕಲಂನಲ್ಲಿ ಮಾಲೀಕ ಮತ್ತು ಬಾಡಿಗೆದಾರರ ಹಕ್ಕುಬಾಧ್ಯತೆಗಳಿವೆ.

ಆ ಕಲಂ ಶುರುವಾಗುವುದೇ ಒಂದು ಷರತ್ತಿನಿಂದ: ಇದಕ್ಕೆ ಬೇರೆಯಾದ ಕರಾರು ಅಥವಾ ಸ್ಥಳೀಯ ರೂಢಿ ಇಲ್ಲದಿದ್ದರೆ ಮಾತ್ರ ಮುಂದಿನ ನಿಯಮಗಳು. ಅಂದರೆ ನಿಮ್ಮ ಅಗ್ರಿಮೆಂಟಿನಲ್ಲಿ ಬರೆದದ್ದಕ್ಕೆ ಕಾಯ್ದೆಯ ಮಾತಿಗಿಂತ ಮೊದಲ ಮಣೆ. ಬಾಡಿಗೆದಾರ ಮನೆಯನ್ನು ತಾನು ಪಡೆದ ಸ್ಥಿತಿಯಲ್ಲೇ ಇಟ್ಟುಕೊಂಡು, ಬಿಡುವಾಗ ಹಾಗೇ ಒಪ್ಪಿಸಬೇಕು, ಸಹಜ ಸವೆತ ಬಿಟ್ಟು. ಹತ್ತು ವರ್ಷದ ಹಿಂದೆ ಎಳೆದ ವೈರು ಹಳತಾಗಿ ಕೆಟ್ಟರೆ ಅದು ಸವೆತ, ಅದರ ಖರ್ಚನ್ನು ನಿಮ್ಮ ಅಡ್ವಾನ್ಸಿನಲ್ಲಿ ಹಿಡಿಯುವಂತಿಲ್ಲ. ನೀವು ಟಿವಿ ಸ್ಟ್ಯಾಂಡ್ ಹಾಕಲು ಡ್ರಿಲ್ ಮಾಡಿ ವೈರು ತೂತು ಮಾಡಿದರೆ ಅದು ಸವೆತವಲ್ಲ. ಬಾಡಿಗೆದಾರನಿಂದಲೋ ಅವನ ಕೆಲಸದವರಿಂದಲೋ ಆದ ಹಾನಿಯ ಬಗ್ಗೆ ಮಾಲೀಕರು ನೋಟಿಸು ಕೊಟ್ಟರೆ, ಮೂರು ತಿಂಗಳೊಳಗೆ ಸರಿಪಡಿಸಬೇಕೆಂದು ಅದೇ ಕಲಂ ಹೇಳುತ್ತದೆ.

ಇನ್ನು ಮಾಲೀಕರ ಪಾಲು. ತಾನು ಮಾಡಿಸಿಕೊಡಬೇಕಾದ ರಿಪೇರಿಯನ್ನು, ತಿಳಿಸಿದ ಮೇಲೂ ತಕ್ಕಷ್ಟು ಸಮಯದಲ್ಲಿ ಮಾಲೀಕ ಮಾಡಿಸದಿದ್ದರೆ, ಬಾಡಿಗೆದಾರ ತಾನೇ ಮಾಡಿಸಿ ಖರ್ಚನ್ನು ಬಡ್ಡಿ ಸಮೇತ ಬಾಡಿಗೆಯಲ್ಲಿ ಮುರಿದುಕೊಳ್ಳಬಹುದು. ಓದಿದರೆ ದೊಡ್ಡ ಆಸರೆಯಂತೆ ಕಾಣುತ್ತದೆ. ಆದರೆ ‘ಮಾಡಿಸಿಕೊಡಬೇಕಾದ’ ಎಂಬ ಮಾತಿನಲ್ಲೇ ಗಂಟಿದೆ. ಯಾವ ರಿಪೇರಿಗೆ ಮಾಲೀಕ ಕಟ್ಟುಬಿದ್ದಿದ್ದಾನೆ ಎಂಬ ಪಟ್ಟಿ ಆ ಕಾಯ್ದೆಯಲ್ಲಿಲ್ಲ. 1882ರಲ್ಲಿ ಬರೆದವರಿಗೆ ಮನೆಯೊಳಗಿನ ಫೋನ್ ವೈರಿನ ಚಿಂತೆ ಇರಲು ಸಾಧ್ಯವೂ ಇರಲಿಲ್ಲ. ಕಟ್ಟುಬೀಳುವುದು ಅಗ್ರಿಮೆಂಟಿನಿಂದಲೇ. ನಮ್ಮ ಬಹುತೇಕ 11 ತಿಂಗಳ ಅಗ್ರಿಮೆಂಟುಗಳಲ್ಲಿ ರಿಪೇರಿಯ ಬಗ್ಗೆ ಇರುವುದು, ಬಾಡಿಗೆದಾರ ಮನೆಯನ್ನು ಸುಸ್ಥಿತಿಯಲ್ಲಿ ಇಟ್ಟುಕೊಳ್ಳತಕ್ಕದ್ದು ಎಂಬ ಒಂದೇ ಸಾಲು. ಟೈಪ್ ಮಾಡುವ ಅಂಗಡಿಯವರ ಬಳಿ ಸಿದ್ಧವಾಗಿರುವ ಆ ಸಾಲಿಗೆ ಓದದೆ ಸಹಿ ಹಾಕುತ್ತೇವೆ. ಎರಡೂ ಕಡೆಯವರಿಗೆ ಇದರಿಂದ ಅನ್ಯಾಯವೇ ಆಗುತ್ತದೆ ಎಂಬುದು ನನ್ನ ಖಚಿತ ಅಭಿಪ್ರಾಯ.

ಪಟ್ಟಿ ಹೇಗಿರಬೇಕು ಎಂಬುದಕ್ಕೆ ಕೇಂದ್ರ ಸರ್ಕಾರ 2021ರ ಜೂನ್‌ನಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆಯಲ್ಲಿ ಒಳ್ಳೆಯ ದಾರಿಯಿದೆ. ಅದು ಮಾದರಿ ಮಾತ್ರ, ರಾಜ್ಯ ತನ್ನದೇ ಶಾಸನ ಮಾಡಿಕೊಂಡರಷ್ಟೇ ಕಾನೂನಿನ ಬಲ. ಆದರೂ ಅದರ ಎರಡನೇ ಅನುಸೂಚಿಯನ್ನು ಯಾರು ಬೇಕಾದರೂ ತಮ್ಮ ಅಗ್ರಿಮೆಂಟಿಗೆ ಎತ್ತಿಕೊಳ್ಳಬಹುದು. ಅದರಂತೆ ಕಟ್ಟಡದ ರಚನೆಯ ರಿಪೇರಿ, ಸುಣ್ಣಬಣ್ಣ, ನೀರಿನ ಪೈಪು ಬದಲಿಸುವುದು, ಒಳಗಿನ ಮತ್ತು ಹೊರಗಿನ ವಿದ್ಯುತ್ ವೈರಿಂಗ್ ಇವೆಲ್ಲ ಮಾಲೀಕರದು. ನಲ್ಲಿಯ ವಾಷರು, ಗೀಸರ್ ರಿಪೇರಿ, ಸ್ವಿಚ್ಚು, ಸಾಕೆಟ್ಟು, ಬೀಗ, ಕಿಟಕಿಯ ಗಾಜು, ಸೊಳ್ಳೆ ಜಾಲರಿ ಬಾಡಿಗೆದಾರರದು. ಮಾಲೀಕರು ತಮ್ಮ ಪಾಲಿನ ರಿಪೇರಿ ಮಾಡಿಸದಿದ್ದರೆ ಬಾಡಿಗೆದಾರ ಮಾಡಿಸಿ, ಯಾವ ತಿಂಗಳಲ್ಲೂ ಬಾಡಿಗೆಯ ಅರ್ಧಕ್ಕೆ ಮೀರದಂತೆ ಮುರಿದುಕೊಳ್ಳಬಹುದು. 18,000 ಬಾಡಿಗೆಯ ಮನೆಗೆ 12,000 ಖರ್ಚಾದರೆ ಮೊದಲ ತಿಂಗಳು 9,000, ಮುಂದಿನ ತಿಂಗಳು ಉಳಿದ 3,000.

ಆ ಪಟ್ಟಿಯಲ್ಲಿ ಫೋನು, ಇಂಟರ್ನೆಟ್ ವೈರಿನ ಹೆಸರಿಲ್ಲ. ಆದರೆ ಅದರ ಹಿಂದಿನ ತರ್ಕ ಎದ್ದು ಕಾಣುತ್ತದೆ: ಗೋಡೆಯೊಳಗೆ ಹುದುಗಿದ್ದು ಮಾಲೀಕರದು, ಗೋಡೆಯ ಮೇಲೆ ಕೈಗೆ ಸಿಗುವುದು ಬಾಡಿಗೆದಾರರದು. ಫೋನ್ ವೈರಿಗೂ ಇದೇ ನ್ಯಾಯ ಎಂಬುದು ನನ್ನ ವಾದ. ಗೋಡೆಯೊಳಗಿನ ಪೈಪು, ಮಾಲೀಕರು ಮನೆ ಕಟ್ಟಿಸುವಾಗಲೇ ಎಳೆಸಿದ ಲ್ಯಾನ್ ಅಥವಾ ಟೆಲಿಫೋನ್ ವೈರು ಕೆಟ್ಟರೆ ಮಾಲೀಕರು ಕೊಡಬೇಕು. ಬಾಡಿಗೆದಾರ ಮನೆ ಬಿಟ್ಟರೂ ಆ ವೈರು ಗೋಡೆಯಲ್ಲೇ ಉಳಿಯುತ್ತದೆ, ಅದರ ಫಲ ಮುಂದಿನ ಬಾಡಿಗೆದಾರರಿಂದ ಬರುವುದೂ ಮಾಲೀಕರಿಗೇ. ಸಾಕೆಟ್ಟಿನ ಮುಖ, ರೂಟರು, ಪ್ಯಾಚ್ ಕಾರ್ಡು, ನೀವು ನಿಮ್ಮ ಅನುಕೂಲಕ್ಕೆ ಗೋಡೆಯ ಮೇಲೆ ಕ್ಲಿಪ್ ಹೊಡೆದು ಎಳೆಸಿಕೊಂಡ ವೈರು ನಿಮ್ಮದು.

ಕ್ಯಾಲಿಫೋರ್ನಿಯಾದ ಉದಾಹರಣೆ

ಈ ಪ್ರಶ್ನೆಗೆ ಫೋನಿನ ಹೆಸರೆತ್ತಿಯೇ ಉತ್ತರ ಬರೆದ ಕಾನೂನೊಂದಿದೆ. ಅಮೆರಿಕದಲ್ಲಿ ಬಹುಕಾಲ ಫೋನ್ ಕಂಪನಿಯೇ ಮನೆಯೊಳಗಿನ ವೈರನ್ನೂ ನೋಡಿಕೊಳ್ಳುತ್ತಿತ್ತು. 1984ರ ಜನವರಿಯಲ್ಲಿ ಬೆಲ್ ವ್ಯವಸ್ಥೆ ಒಡೆದು ಹೋಳಾಯಿತು. 1987ರಿಂದ ಒಳಗಿನ ವೈರಿಂಗ್ ಕಂಪನಿಯ ಹೊಣೆಯಿಂದ ಹೊರಬಿತ್ತು. ಬಾಡಿಗೆ ಮನೆಗಳಲ್ಲಿ ಆ ಹೊಣೆ ಯಾರ ತಲೆಗೆ ಎಂಬುದಕ್ಕೆ ಕ್ಯಾಲಿಫೋರ್ನಿಯಾ ತನ್ನ ಸಿವಿಲ್ ಸಂಹಿತೆಗೆ 1941.4 ಎಂಬ ಕಲಂ ಸೇರಿಸಿತು: ವಾಸದ ಮನೆ ಬಾಡಿಗೆಗೆ ಕೊಡುವವರು ಕನಿಷ್ಠ ಒಂದು ಕೆಲಸ ಮಾಡುವ ಫೋನ್ ಜ್ಯಾಕ್ ಹಾಕಿಸಬೇಕು, ಒಳಗಿನ ಫೋನ್ ವೈರನ್ನು ಸುಸ್ಥಿತಿಯಲ್ಲಿಡಬೇಕು. ಎಷ್ಟು ಕೋಣೆಗೆ ಬೇಕೋ ಅಷ್ಟು ಜ್ಯಾಕ್ ಎಂದು ಹೇಳಲಿಲ್ಲ, ಒಂದು ಸಾಕು. ಹೆಚ್ಚಿನದು ಬೇಕೆಂದವರು ಮಾತಾಡಿಕೊಳ್ಳಬೇಕು. ಸ್ಯಾನ್ ಹೋಸೆಯಲ್ಲೋ ಫ್ರೀಮಾಂಟ್‌ನಲ್ಲೋ ಬಾಡಿಗೆಗಿರುವ ನಮ್ಮ ಕನ್ನಡದ ಮಕ್ಕಳಿಗೆ ಇದು ತಿಳಿದಿರಲಿ. ಅಲ್ಲಿ ಮನೆಯ ಹೊರಗೋಡೆಯ ಮೇಲೆ ಕಂಪನಿಯ ಬೂದು ಡಬ್ಬಿಯೊಂದಿರುತ್ತದೆ, ಅದರೊಳಗೆ ಪರೀಕ್ಷೆಗೆಂದೇ ಒಂದು ಜ್ಯಾಕು. ಫೋನನ್ನು ಅಲ್ಲಿ ಸಿಕ್ಕಿಸಿದಾಗ ಡಯಲ್ ಟೋನ್ ಬಂದು ಮನೆಯೊಳಗೆ ಬರದಿದ್ದರೆ ಮಾಲೀಕರಿಗೆ ಪತ್ರ ಬರೆಯಬೇಕು, ಕಂಪನಿಗಲ್ಲ. ರೋಸೆಟ್ ಬಾಕ್ಸಿನ ಪರೀಕ್ಷೆಯೂ ಇದರದೇ ತಮ್ಮ.

ಕಡಿಮೆ ಪಕ್ಷ ಒಂದು ಜ್ಯಾಕು ಎಂಬ ಆ ಅಳತೆ ನನಗೆ ಬಹಳ ಹಿಡಿಸಿತು. ನಮ್ಮಲ್ಲೂ ಮನೆ ಕಟ್ಟುವವರು ಬೀದಿ ಕಡೆಯ ಗೋಡೆಯಿಂದ ಹಜಾರದವರೆಗೆ ಫೋನು, ಇಂಟರ್ನೆಟ್ಟಿಗೆಂದೇ ಒಂದು ಖಾಲಿ ಪೈಪು ಇಟ್ಟುಬಿಟ್ಟರೆ ಎಷ್ಟೋ ಜಗಳ ಹುಟ್ಟುವುದೇ ಇಲ್ಲ. ಕರೆಂಟಿನ ವೈರು ಹೋಗುವ ಪೈಪಿನಲ್ಲೇ ಫೋನ್ ವೈರನ್ನೂ ತುರುಕುವ ಅಭ್ಯಾಸ ಮಾತ್ರ ಅಪಾಯದ್ದು. ಕರೆಂಟ್ ವೈರಿನ ಹೊದಿಕೆ ಕರಗಿದರೆ ಫೋನಿನ ತಾಮ್ರಕ್ಕೂ 230 ವೋಲ್ಟ್ ಹರಿಯುತ್ತದೆ. ಅಂಥ ವೈರಿಂಗ್ ಕಂಡರೆ ಯಾರ ಖರ್ಚು ಎಂದು ನೋಡುತ್ತಾ ಕೂರದೆ ಮಾಲೀಕರಿಗೆ ಅಂದೇ ತಿಳಿಸಿ.

ಅಪಾರ್ಟ್‌ಮೆಂಟ್ ಮತ್ತು ಭೋಗ್ಯ

ಅಪಾರ್ಟ್‌ಮೆಂಟಿನಲ್ಲಿ ನಾಲ್ಕನೆಯವರೊಬ್ಬರು ಸೇರುತ್ತಾರೆ, ಸಂಘ. ನೆಲಮಹಡಿಯ ಪೆಟ್ಟಿಗೆಯಿಂದ ಪ್ರತಿ ಮಹಡಿಗೂ ಏರುವ ಡಕ್ಟು ಎಲ್ಲರ ಆಸ್ತಿ. ಅದರೊಳಗೆ ವೈರು ಸಿಕ್ಕಿಹಾಕಿಕೊಂಡರೆ, ಪೈಪು ತುಂಬಿ ಹೊಸ ವೈರು ಇಳಿಯದಿದ್ದರೆ, ಸಂಘವೇ ಸರಿಪಡಿಸಬೇಕು. ತಿಂಗಳ ಮೆಂಟೆನೆನ್ಸ್ ನೀವು ಕಟ್ಟುತ್ತಿದ್ದರೂ ಸಂಘದಲ್ಲಿ ಸದಸ್ಯರಾಗಿರುವುದು ನಿಮ್ಮ ಮಾಲೀಕರು. ಆದ್ದರಿಂದ ದೂರನ್ನು ಅವರ ಮೂಲಕ, ಇಮೇಲಿನಲ್ಲಿ ಕೊಡಿಸಿ.

ಭೋಗ್ಯಕ್ಕೆ ಮನೆ ಹಿಡಿದವರ ಪಾಡು ಬೇರೆ. ಲಕ್ಷಗಟ್ಟಲೆ ಹಣ ಒಮ್ಮೆಗೇ ಕೊಟ್ಟಿರುತ್ತಾರೆ, ಮುರಿದುಕೊಳ್ಳಲು ತಿಂಗಳ ಬಾಡಿಗೆಯೇ ಇರುವುದಿಲ್ಲ. ಭೋಗ್ಯದಲ್ಲಿ ರಿಪೇರಿಯೆಲ್ಲ ಇರುವವರದೇ ಎಂದು ಹೇಳುವ ಮಾಲೀಕರೂ ಉಂಟು. ಇಲ್ಲಿ ಬರಹ ಇನ್ನೂ ಮುಖ್ಯ: ಮಾಲೀಕರ ಪಾಲಿನ ರಿಪೇರಿಗೆ ನಾವು ಹಾಕಿದ ಹಣವನ್ನು ಬಿಲ್ಲು ತೋರಿಸಿದ 30 ದಿನದೊಳಗೆ ಕೊಡತಕ್ಕದ್ದು ಎಂದು ಭೋಗ್ಯಪತ್ರದಲ್ಲೇ ಸೇರಿಸಿ.

ಬಾಡಿಗೆ ಅಗ್ರಿಮೆಂಟಿಗೆ ನಾನು ಈಗ ಸೇರಿಸುವ ಮಾತು ಇದು, ಬೇಕಿದ್ದವರು ಹಾಗೇ ಬಳಸಿಕೊಳ್ಳಿ: “ಗೋಡೆ, ನೆಲ, ತಾರಸಿಯೊಳಗೆ ಅಳವಡಿಸಿರುವ ವಿದ್ಯುತ್, ದೂರವಾಣಿ ಮತ್ತು ಇಂಟರ್ನೆಟ್ ಪೈಪು-ವೈರುಗಳು ಸವೆತದಿಂದ ಅಥವಾ ಮಾಲೀಕರು ಮಾಡಿಸಿದ ಕೆಲಸದಿಂದ ಕೆಟ್ಟಲ್ಲಿ ಬಾಡಿಗೆದಾರರು ತಿಳಿಸಿದ ಏಳು ದಿನದೊಳಗೆ ಮಾಲೀಕರು ಸರಿಪಡಿಸತಕ್ಕದ್ದು. ತಪ್ಪಿದಲ್ಲಿ ಬಾಡಿಗೆದಾರರು ಸರಿಪಡಿಸಿ, ಬಿಲ್ಲಿನ ಮೊತ್ತವನ್ನು ಮುಂದಿನ ಬಾಡಿಗೆಯಲ್ಲಿ ಕಳೆದು ಕೊಡಬಹುದು. ಬಾಡಿಗೆದಾರರಿಂದ ಆದ ಹಾನಿಯನ್ನು ಬಾಡಿಗೆದಾರರೇ ಸರಿಪಡಿಸತಕ್ಕದ್ದು.” ಓನರ್ ಆಂಟಿ ಇದನ್ನು ಓದಿ, ಹೊಸ ತೂತು ಕೊರೆಯುವ ಮೊದಲು ಕೇಳಬೇಕು ಅಂತಲೂ ಸೇರಿಸಿ ಅಂದರು. ನ್ಯಾಯವಾದ ಮಾತು, ಸೇರಿಸಿದೆವು.

ಮನೆಗೆ ಹೋದ ದಿನವೇ ಪ್ರತಿ ಸಾಕೆಟ್ಟಿನ ವಿಡಿಯೋ ಮಾಡಿ ಮಾಲೀಕರಿಗೆ ವಾಟ್ಸ್ಆ್ಯಪ್ ಮಾಡಿಟ್ಟುಕೊಳ್ಳಿ. ಕೆಟ್ಟಾಗ ಫೋನಿನಲ್ಲಿ ಹೇಳುವುದರ ಜೊತೆಗೆ ಬರಹದಲ್ಲೂ ತಿಳಿಸಿ: ಯಾವ ದಿನ ಕೆಟ್ಟಿತು, ಕಂಪನಿಯವರು ಎಲ್ಲಿಯವರೆಗೆ ಸರಿಯಿದೆ ಎಂದರು, ಸುಮಾರು ಎಷ್ಟು ಖರ್ಚು. ಒಪ್ಪಿಗೆ ಬಾರದೆ ಬಾಡಿಗೆ ಮುರಿದರೆ ಸಂಬಂಧ ಕೆಡುತ್ತದೆ. ಕಾಯ್ದೆ ಬೆನ್ನಿಗಿದೆ ಎಂದು ಮೊದಲ ಹೆಜ್ಜೆಯಲ್ಲೇ ಅದನ್ನು ಪ್ರಯೋಗಿಸಬೇಡಿ. ಮಾಡಿಸಿದ ಕೆಲಸಕ್ಕೆ ಬಿಲ್ಲು ಪಡೆಯಿರಿ. ಕೊನೆಗೆ ಮನೆ ಬಿಡುವಾಗ ನಿಮ್ಮ ರೂಟರ್ ತೆಗೆದುಕೊಂಡು ಹೋಗಿ, ಪೈಪಿನೊಳಗಿನ ವೈರನ್ನು ಎಳೆಯದೆ ಅಲ್ಲೇ ಬಿಡಿ, ಕಂಪನಿಯ ಮಾಡೆಮ್ಮನ್ನು ಅಡಾಪ್ಟರ್ ಸಮೇತ ಹಿಂದಿರುಗಿಸಿ ರಸೀದಿ ಕೇಳಿ. ಆ ರಸೀದಿ ಇಲ್ಲದಿದ್ದರೆ ಠೇವಣಿ ವಾಪಸು ಪಡೆಯುವುದು ಕಷ್ಟ.